ಒಂದೇ ಕಾರಿಗೆ ಮೂರು ಹೆಸರು: ಪ್ಲಿಮತ್ ಏರಿದ್ದು, ಇಳಿದದ್ದು

ಫ್ಲೋರಾ ಫೌಂಟನ್ ಸುತ್ತ ಟ್ರಾಮು ಓಡುತ್ತಿದ್ದ ಕಾಲದ ಮುಂಬಯಿಯ ಫೋಟೋಗಳಲ್ಲಿ ದುಂಡು ಬೆನ್ನಿನ, ಎತ್ತರದ ಮಾಡಿನ, ಮುಂದಿನ ಸೀಟಿನಲ್ಲೇ ಮೂವರು ಆರಾಮವಾಗಿ ಕೂರಬಹುದಾದಷ್ಟು ಅಗಲದ ಟಾಕ್ಸಿಗಳು ಕಾಣಿಸುತ್ತವೆ. ಅವನ್ನು ಕಂಡ ಹಿರಿಯರು ತಡಮಾಡದೆ ‘ಡಾಡ್ಜ್’ ಎನ್ನುತ್ತಾರೆ. ಬಾನೆಟ್ಟಿನ ಮೇಲೆ ಹಾಗೆಂದೇ ಬರೆದಿರುವುದರಿಂದ ಅವರ ಮಾತನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಡಾಡ್ಜ್‌ಗಳಲ್ಲಿ ಅನೇಕವುಗಳ ಬಾಗಿಲು, ಮಾಡು, ಮಡ್‌ಗಾರ್ಡು, ಚಾಸಿ (ಅಂದರೆ ತಳದ ಚೌಕಟ್ಟು) ಎಲ್ಲ ಪ್ಲಿಮತ್ ಎಂಬ ಇನ್ನೊಂದು ಕಾರಿನವು; ಗ್ರಿಲ್ಲು, ಅಂದರೆ ಮೂತಿಯ ಜಾಲರಿ, ಮತ್ತು ಹೆಸರಿನ ಪಟ್ಟಿ ಮಾತ್ರ ಡಾಡ್ಜ್‌ನವು. ಒಂದು ಕಾಲಕ್ಕೆ ಅಮೆರಿಕದಲ್ಲಿ ಫೋರ್ಡ್ ಮತ್ತು ಷೆವ್ರೊಲೆಗಳ ನಂತರ ಅತಿ ಹೆಚ್ಚು ಮಾರಾಟವಾಗುತ್ತಿದ್ದ ಪ್ಲಿಮತ್ 1928ರಲ್ಲಿ ಹುಟ್ಟಿ 2001ರಲ್ಲಿ ಕಣ್ಮುಚ್ಚಿತು. ಅದನ್ನು ಕೆಡವಿದ್ದು ಎದುರಾಳಿಗಳಲ್ಲ, ಅದರ ಸ್ವಂತ ಮನೆಯೇ ಎಂಬುದು ನನ್ನ ಅಭಿಪ್ರಾಯ. ಅದನ್ನು ಎತ್ತಿ ನಿಲ್ಲಿಸಿದ್ದೂ ಅದೇ ಮನೆಯ ಅದೇ ವ್ಯಾಪಾರಬುದ್ಧಿ ಎಂಬುದು ಈ ಕಥೆಯಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ ಸಂಗತಿ.

ಪ್ಲಿಮತ್‌ನ ಜನಕ ವಾಲ್ಟರ್ ಕ್ರೈಸ್ಲರ್ ಮೂಲತಃ ರೈಲ್ವೆ ಕಾರ್ಯಾಗಾರದ ಮನುಷ್ಯ. ಕನ್ಸಾಸ್ ರಾಜ್ಯದಲ್ಲಿ 1875ರಲ್ಲಿ ಹುಟ್ಟಿ, ಉಗಿಬಂಡಿ ರಿಪೇರಿಯ ಕೆಲಸದಲ್ಲೇ ಮೇಲೇರಿದ ಈತ 1908ರಲ್ಲಿ ಷಿಕಾಗೋದ ಕಾರು ಪ್ರದರ್ಶನದಲ್ಲಿ 5000 ಡಾಲರ್ ಬೆಲೆಯ ಲೋಕೋಮೊಬೀಲ್ ಕಾರೊಂದನ್ನು ಕಂಡು, ಕೈಯಲ್ಲಿದ್ದ 700 ಡಾಲರಿಗೆ ಬ್ಯಾಂಕಿನ ಸಾಲ ಸೇರಿಸಿ ಅದನ್ನು ಕೊಂಡರು. ಕೊಂಡದ್ದು ಓಡಿಸುವುದಕ್ಕಲ್ಲ, ಮನೆಗೆ ತಂದು ಪೂರ್ತಿ ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ, ಅದರ ಒಳಗುಟ್ಟು ತಿಳಿದ ಮೇಲೆಯೇ ರಸ್ತೆಗಿಳಿಸಿದರು. ಮುಂದೆ ಜನರಲ್ ಮೋಟರ್ಸ್‌ನ ಬ್ಯೂಕ್ ವಿಭಾಗದ ಅಧ್ಯಕ್ಷರಾಗಿ, ಅಲ್ಲಿಂದ ಹೊರಬಂದು, ಮುಳುಗುತ್ತಿದ್ದ ಮ್ಯಾಕ್ಸ್‌ವೆಲ್ ಕಂಪನಿಯನ್ನು ಕೈಗೆತ್ತಿಕೊಂಡು, 1925ರಲ್ಲಿ ಅದನ್ನೇ ಕ್ರೈಸ್ಲರ್ ಕಾರ್ಪೊರೇಷನ್ ಆಗಿ ಮಾರ್ಪಡಿಸಿದರು.

1928ರ ಬೇಸಿಗೆಯೊಂದರಲ್ಲೇ ಆ ಕಂಪನಿ ಮೂರು ದೊಡ್ಡ ಹೆಜ್ಜೆಗಳನ್ನಿಟ್ಟಿತು. ಜುಲೈಯಲ್ಲಿ ಕಡಿಮೆ ಬೆಲೆಯ ಪ್ಲಿಮತ್ ಬಿಡುಗಡೆಯಾಯಿತು. ಹೆಚ್ಚುಕಡಿಮೆ ಅದೇ ವೇಳೆಗೆ ಡಾಡ್ಜ್ ಬ್ರದರ್ಸ್ ಎಂಬ ಹಳೆಯ, ದೊಡ್ಡ ಕಂಪನಿಯನ್ನು ಕ್ರೈಸ್ಲರ್ ಖರೀದಿಸಿದರು. ಆಗಸ್ಟಿನಲ್ಲಿ ಡಿಸೋಟೊ ಎಂಬ ನಡುಬೆಲೆಯ ಕಾರು ಬಂದಿತು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪ್ಲಿಮತ್ತನ್ನು ಜನರೆದುರು ತಂದಾಗ ಸ್ಟಿಯರಿಂಗ್ ಹಿಡಿದವರು ವಿಮಾನಯಾನದಿಂದ ಆಗಷ್ಟೇ ಹೆಸರಾಗಿದ್ದ ಅಮೀಲಿಯಾ ಇಯರ್‌ಹಾರ್ಟ್. ಕಾರಿನ ಲಾಂಛನದಲ್ಲಿ ಇಂಗ್ಲೆಂಡಿನಿಂದ ವಲಸಿಗರನ್ನು ಹೊತ್ತುತಂದ ಮೇಫ್ಲವರ್ ಹಡಗಿದ್ದರೂ, ಹೆಸರು ಬಂದದ್ದು ಅಮೆರಿಕದ ಪ್ರತಿ ರೈತನ ಕೊಟ್ಟಿಗೆಯಲ್ಲಿ ಇರುತ್ತಿದ್ದ ಪ್ಲಿಮತ್ ಎಂಬ ಹುಲ್ಲುಕಟ್ಟಿನ ಹಗ್ಗದಿಂದ. ಅದನ್ನು ಸೂಚಿಸಿದವರು ಮಾರಾಟ ವಿಭಾಗದ ಜೋಸೆಫ್ ಫ್ರೇಜರ್. ಹಡಗನ್ನು ತೋರಿಸಿ ಹಗ್ಗ ಕೊಳ್ಳುವವರಿಗೆ ಕಾರು ಮಾರುವ ಈ ಉಪಾಯದಲ್ಲೇ ಪ್ಲಿಮತ್ ಯಾರಿಗಾಗಿ ಹುಟ್ಟಿತ್ತೆಂಬುದು ಸ್ಪಷ್ಟವಾಗುತ್ತದೆ.

ಗ್ರಾಹಕರು ಅಗ್ಗದವರೆಂದು ಕಾರು ಅಗ್ಗದ್ದಾಗಿರಲಿಲ್ಲ. ನಾಲ್ಕೂ ಚಕ್ರಗಳಿಗೆ ಹೈಡ್ರಾಲಿಕ್ ಬ್ರೇಕು, ಅಂದರೆ ದ್ರವದ ಒತ್ತಡದಿಂದ ಹಿಡಿಯುವ ಬ್ರೇಕು, ಮೊದಲ ಪ್ಲಿಮತ್ತಿನಲ್ಲೇ ಇತ್ತು. ಫೋರ್ಡ್ ಆ ಬ್ರೇಕಿಗೆ ಬಂದದ್ದು 1939ರಲ್ಲಿ. 1931ರ ಮಾದರಿಯಲ್ಲಿ ಇಂಜಿನ್ನನ್ನು ಚಾಸಿಗೆ ನೇರವಾಗಿ ಬೋಲ್ಟು ಹಾಕದೆ ರಬ್ಬರಿನ ಆಧಾರಗಳ ಮೇಲೆ ಕೂರಿಸಿದರು. ನಾಲ್ಕು ಸಿಲಿಂಡರಿನ ಇಂಜಿನ್ನಿನ ಸಹಜವಾದ ನಡುಕ ಹಲ್ಲು ಕಟಕಟಿಸುವಂತಿದ್ದ ಆ ಕಾಲದಲ್ಲಿ, ‘ಫ್ಲೋಟಿಂಗ್ ಪವರ್’ ಎಂದು ಕರೆದ ಈ ವ್ಯವಸ್ಥೆಯಿಂದ ಅಲುಗಾಟ ಒಳಗೆ ಕುಳಿತವರನ್ನು ಮುಟ್ಟುವುದೇ ನಿಂತಿತು. ಫ್ರಾನ್ಸಿನ ಸಿಟ್ರನ್ ಕಂಪನಿಯೂ ಹಕ್ಕು ಪಡೆದು ಇದನ್ನು ಬಳಸಿತು. ವಾಲ್ಟರ್ ಕ್ರೈಸ್ಲರ್ ಆ ಮಾದರಿಯ ಮೂರನೆಯ ಕಾರನ್ನು ತಾವೇ ಓಡಿಸಿಕೊಂಡು ಹೋಗಿ ಹೆನ್ರಿ ಫೋರ್ಡರಿಗೆ ತೋರಿಸಿ, ಅಲ್ಲೇ ಉಡುಗೊರೆಯಾಗಿ ಬಿಟ್ಟು, ಟಾಕ್ಸಿ ಹಿಡಿದು ಮನೆಗೆ ಮರಳಿದರಂತೆ. ಎದುರಾಳಿಯ ಅಂಗಳಕ್ಕೇ ಸರಕು ಇಳಿಸಿ ಬರುವ ಧೈರ್ಯ ಆಗ ಆ ಕಂಪನಿಗಿತ್ತು.

ಎಂಜಿನಿಯರಿಂಗ್ ಒಂದರಿಂದಲೇ ಕಾರು ಮಾರಾಟವಾಗುವುದಿಲ್ಲ. 1930ರಲ್ಲಿ, ಆರ್ಥಿಕ ಮಹಾಕುಸಿತದ ಮೊದಲ ಪೆಟ್ಟು ಬಿದ್ದಿದ್ದಾಗ, ಪ್ಲಿಮತ್ತನ್ನು ಕ್ರೈಸ್ಲರ್, ಡಾಡ್ಜ್, ಡಿಸೋಟೊ ಈ ಮೂರೂ ಹೆಸರಿನ ಡೀಲರ್‌ಗಳು ಮಾರಬಹುದೆಂದು ಕಂಪನಿ ತೀರ್ಮಾನಿಸಿತು. ದುಬಾರಿ ಕಾರು ಕೊಳ್ಳುವವರಿಲ್ಲದೆ ಬಾಗಿಲು ಹಾಕಬೇಕಾಗಿದ್ದ ಅಂಗಡಿಗಳು ಪ್ಲಿಮತ್ ಮಾರಿ ಬದುಕಿಕೊಂಡವು. ಪ್ಲಿಮತ್ತಿಗಾದರೋ ಹೊಸ ಅಂಗಡಿ ಕಟ್ಟುವ ಖರ್ಚಿಲ್ಲದೆ ದೇಶದ ಮೂಲೆಮೂಲೆಯಲ್ಲೂ ಬಾಗಿಲು ತೆರೆಯಿತು. 1931ಕ್ಕೆ ಅದು ಮಾರಾಟದಲ್ಲಿ ಮೂರನೆಯ ಸ್ಥಾನಕ್ಕೇರಿತು. 1932ರ ಪ್ರಸಿದ್ಧ ಜಾಹೀರಾತು, ಕೊಳ್ಳುವ ಮುನ್ನ ಮೂರನ್ನೂ ನೋಡಿ ಎಂದು ಗ್ರಾಹಕರಿಗೆ ಹೇಳಿತು. ಫೋರ್ಡ್, ಷೆವ್ರೊಲೆಗಳ ಸಾಲಿನಲ್ಲಿ ತನ್ನನ್ನು ತಾನೇ ಕೂರಿಸಿಕೊಂಡ ಈ ಜಾಹೀರಾತಿನಲ್ಲಿ ಎದುರಾಳಿಗಳನ್ನು ಹಳಿಯುವ ಒಂದು ಮಾತೂ ಇರಲಿಲ್ಲ. ಅಂಥ ಆತ್ಮವಿಶ್ವಾಸ ಜಾಹೀರಾತುಗಳಲ್ಲಿ ಈಗ ಅಪರೂಪ. 1934ರಲ್ಲಿ ಹತ್ತು ಲಕ್ಷನೆಯ ಪ್ಲಿಮತ್ ಹೊರಬಂತು.

ಮೂರು ಅಂಗಡಿಗಳ ಈ ಏರ್ಪಾಡಿನ ಒಳಗೇ ಮುಂದಿನ ತೊಡಕಿನ ಬೇರಿತ್ತು. ಪ್ಲಿಮತ್ತಿಗೆ ತನ್ನದೇ ಆದ ಅಂಗಡಿ ಇರಲಿಲ್ಲ; ಅದು ಯಾವಾಗಲೂ ಇನ್ನೊಬ್ಬರ ಅಂಗಡಿಯ ಅಗ್ಗದ ಸರಕು. ಅಮೆರಿಕದ ಹೊರಗಿನ ಪೇಟೆಗಳಲ್ಲಿ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕೆನಡಾ ಮತ್ತು ರಫ್ತು ದೇಶಗಳ ಡಾಡ್ಜ್, ಡಿಸೋಟೊ ಡೀಲರ್‌ಗಳಿಗೂ ಅಗ್ಗದ ಕಾರು ಬೇಕಿತ್ತು, ಆದರೆ ಅದರ ಮೇಲೆ ಅವರವರ ಹೆಸರೇ ಇರಬೇಕಿತ್ತು. ಹಾಗಾಗಿ ಪ್ಲಿಮತ್ತಿನ ಮೈಗೆ ಡಾಡ್ಜ್ ಗ್ರಿಲ್ಲು ಕೂರಿಸಿ ‘ಡಾಡ್ಜ್ ಕಿಂಗ್ಸ್‌ವೇ’ ಎಂದೂ, ಡಿಸೋಟೊ ಗ್ರಿಲ್ಲು ಕೂರಿಸಿ ‘ಡಿಸೋಟೊ ಡಿಪ್ಲೊಮ್ಯಾಟ್’ ಎಂದೂ ಕಳಿಸಿಕೊಟ್ಟರು. ಒಂದೇ ಅಡುಗೆಮನೆಯಿಂದ ಮೂರು ಹೋಟೆಲುಗಳಿಗೆ ಸಾಂಬಾರು ಕಳಿಸಿ, ಮೂರರಲ್ಲೂ ಬೇರೆಬೇರೆ ಬೋರ್ಡು ತೂಗುಹಾಕಿದ ಹಾಗೆ ಇದು. ಮುಂಬಯಿಗೆ ಬಂದು ತಲುಪಿದ್ದು ಈ ಮೂರು ಬೋರ್ಡಿನ ಸಾಂಬಾರೇ.

ಅದು ಇಲ್ಲಿಗೆ ಬಂದ ಬಗೆಯಲ್ಲಿ ಕನ್ನಡಿಗರಿಗೆ ಸಂಬಂಧಪಟ್ಟ ಒಂದು ಅಧ್ಯಾಯವಿದೆ. ಭಾರತದಲ್ಲಿ ಮೋಟಾರು ಕಾರ್ಖಾನೆ ಕಟ್ಟಬೇಕೆಂದು 1930ರ ದಶಕದಲ್ಲಿ ಪಟ್ಟುಹಿಡಿದು ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯನವರು. 1935ರಲ್ಲಿ ಯೂರೋಪು ಮತ್ತು ಅಮೆರಿಕದ ಕಾರ್ಖಾನೆಗಳನ್ನು ಖುದ್ದಾಗಿ ನೋಡಿ ಬಂದು ಅವರು ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಬಂಡವಾಳದ ಬೆನ್ನೆಲುಬಾಗಿ ನಿಂತರು, ಬಿ.ಜಿ. ಖೇರ್ ಅವರ ನೇತೃತ್ವದ ಮುಂಬಯಿ ಪ್ರಾಂತ್ಯದ ಸರ್ಕಾರ ನೆರವಿಗೆ ಒಪ್ಪಿತ್ತು. 1939ರಲ್ಲಿ ಯುದ್ಧದ ವಿಷಯಕ್ಕೆ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟೊಡನೆ ಆ ಆಸರೆ ಕಳಚಿತು. ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಾದರೂ ಕಟ್ಟೋಣವೆಂದು ಹೊರಟಾಗ, ಯುದ್ಧಕಾಲಕ್ಕೆ ಇದು ಅಗತ್ಯವಲ್ಲವೆಂಬ ನೆಪದಲ್ಲಿ ಬ್ರಿಟಿಷ್ ಸರ್ಕಾರ ಅಡ್ಡನಿಂತಿತು. ಅಮೆರಿಕದಲ್ಲಿ ವಾಲ್‌ಚಂದರಿಗೆ ಕೊನೆಗೆ ಕೈಜೋಡಿಸಿದ ಕಂಪನಿ ಕ್ರೈಸ್ಲರ್. ಬೆಂಗಳೂರಿಗೆ ಕಾರಿನ ಕಾರ್ಖಾನೆ ಬರಲಿಲ್ಲವಾದರೂ ಅದೇ ವಾಲ್‌ಚಂದರು ಮೈಸೂರು ಸರ್ಕಾರದೊಂದಿಗೆ ಸೇರಿ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಅಲ್ಲಿ ಕಟ್ಟಿದರು. ಕಾರು ಬೇಡ, ವಿಮಾನವಾದರೆ ಆಗಬಹುದು ಎಂಬ ಸರ್ಕಾರದ ತರ್ಕವನ್ನು ಮೆಚ್ಚುವುದು ಕಷ್ಟವಾದರೂ, ಅದರಿಂದ ಬೆಂಗಳೂರಿಗೆ ನಷ್ಟವೇನೂ ಆಗಲಿಲ್ಲ.

ವಾಲ್‌ಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಸ್ಥಾಪನೆಯಾಯಿತು. ಮುಂಬಯಿಯ ಕುರ್ಲಾದ ಕಾರ್ಖಾನೆಯಿಂದ 1947ರಲ್ಲಿ ವಾಹನಗಳು ಹೊರಬರತೊಡಗಿದವು. ಅಮೆರಿಕದ ಕಾರುನಗರಿ ಡೆಟ್ರಾಯಿಟ್‌ನ ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಬಂದಿಳಿದು, ಇಲ್ಲಿ ಜೋಡಣೆಯಾಗಿ, ಪ್ಲಿಮತ್, ಡಾಡ್ಜ್, ಡಿಸೋಟೊ ಎಂಬ ಮೂರು ಹೆಸರಿನಲ್ಲಿ ಕಾರುಗಳೂ, ಡಾಡ್ಜ್ ಮತ್ತು ಫಾರ್ಗೊ ಎಂಬ ಹೆಸರಿನಲ್ಲಿ ಲಾರಿಗಳೂ ಆಗುತ್ತಿದ್ದವು. ಘಟ್ಟದ ರಸ್ತೆಗಳಲ್ಲಿ ಫಾರ್ಗೊ ಲಾರಿಯನ್ನು ಕಂಡ ತಲೆಮಾರು ನಮ್ಮ ಊರುಗಳಲ್ಲಿ ಈಗಲೂ ಇದೆ.

ನಮ್ಮ ದೊಡ್ಡಪ್ಪಯ್ಯ ಆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಕುಂದಾಪುರದ ಕಡೆಯಿಂದ ಹೋಟೆಲು ಕೆಲಸಕ್ಕೆಂದು ಮುಂಬಯಿಗೆ ಬಂದು, ಕನ್ನಡದ ರಾತ್ರಿಶಾಲೆಯಲ್ಲಿ ಓದಿ, ಆಮೇಲೆ ಪ್ರೀಮಿಯರ್ ಸೇರಿದರು. ಅವರು ಸೇರುವ ಹೊತ್ತಿಗೆ ಫಿಯೆಟ್‌ಗಳದೇ ಕಾರುಬಾರಾಗಿದ್ದರೂ, ಹಳೆಯ ದೊಡ್ಡ ಕಾರುಗಳ ಬಗ್ಗೆ ಹಿರಿಯ ಕೆಲಸಗಾರರಿಂದ ಕಲಿತದ್ದೆಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಪ್ಲಿಮತ್ತಿಗೂ ಡಾಡ್ಜ್‌ಗೂ ಏನು ವ್ಯತ್ಯಾಸವೆಂದು ಕೇಳಿದರೆ, “ಹೊರ್ಗಿನ ಬೋರ್ಡ್ ಎಂತಾ ಬೇಕಾರೂ ಇರ್ಲಿ ಮಗಾ, ಒಳ್ಗಿನ ಸಾಮಾನೆಲ್ಲ ಒಂದೇ” ಎನ್ನುತ್ತಿದ್ದರು. ಒಂದು ಕಾರಿನ ಬಾಗಿಲು ಇನ್ನೊಂದಕ್ಕೆ ಸರಿಯಾಗಿ ಕೂರುತ್ತಿದ್ದುದರಿಂದ ಗ್ಯಾರೇಜಿನವರಿಗೆ ಅನುಕೂಲವೋ ಅನುಕೂಲ; ಟಾಕ್ಸಿಯ ಮುಂಭಾಗ ಜಖಂ ಆದರೆ ಸಿಕ್ಕಿದ ಗ್ರಿಲ್ಲು ಹಾಕಿ ಕಳಿಸುತ್ತಿದ್ದರಂತೆ, ಹಾಗಾಗಿ ಡಾಡ್ಜ್ ಆಗಿ ಗ್ಯಾರೇಜಿಗೆ ಬಂದ ಕಾರು ಪ್ಲಿಮತ್ ಆಗಿ ಹೊರಟದ್ದೂ ಉಂಟಂತೆ.

ಆ ಕಾಲದ ಪ್ಲಿಮತ್ ಹೇಗಿತ್ತೆಂದು ತಿಳಿಯಬೇಕಾದರೆ ಅದರ ಎಡಭಾಗದ ಚಕ್ರವನ್ನು ಬಿಚ್ಚಿ ನೋಡಬೇಕು. ಬಲಗಡೆಯ ಚಕ್ರಗಳ ಬೋಲ್ಟುಗಳು ಎಲ್ಲ ಬೋಲ್ಟುಗಳ ಹಾಗೆ ಎಡಕ್ಕೆ ತಿರುಗಿಸಿದರೆ ಸಡಿಲವಾಗುತ್ತವೆ. ಎಡಗಡೆಯವು ಮಾತ್ರ ಉಲ್ಟಾ ಥ್ರೆಡ್ಡಿನವು, ಬಲಕ್ಕೆ ತಿರುಗಿಸಿದರಷ್ಟೇ ಬಿಚ್ಚಿಕೊಳ್ಳುತ್ತವೆ. ಓಡುವಾಗ ಚಕ್ರ ತಿರುಗುವ ದಿಕ್ಕಿಗೆ ಬೋಲ್ಟು ತಾನಾಗಿ ಸಡಿಲವಾಗಬಾರದೆಂದು ಕ್ರೈಸ್ಲರ್‌ನ ಎಂಜಿನಿಯರುಗಳು ಮಾಡಿದ ಮುನ್ನೆಚ್ಚರಿಕೆ ಇದು, 1970ರ ಸುಮಾರಿನವರೆಗೂ ಉಳಿದುಕೊಂಡಿತ್ತು. ವಿಷಯ ಗೊತ್ತಿಲ್ಲದ ಹುಡುಗರು ಪಾನಾ ಹಾಕಿ, ಅದರ ಮೇಲೆ ಹತ್ತಿ ನಿಂತು, ಬೋಲ್ಟನ್ನೇ ಮುರಿದುಬಿಡುತ್ತಿದ್ದರು. ಕೈಬ್ರೇಕು ಕೂಡ ಚಕ್ರಗಳನ್ನು ಹಿಡಿಯುತ್ತಿರಲಿಲ್ಲ; ಗೇರ್‌ಬಾಕ್ಸಿನ ಹಿಂದೆ, ಹಿಂಬದಿಯ ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟಿನ ಮೇಲೆ ಕೂತ ಡ್ರಮ್ಮನ್ನು ಅಮುಕಿ ಹಿಡಿಯುತ್ತಿತ್ತು. ಇಂಜಿನ್ ಆರು ಸಿಲಿಂಡರಿನದು, ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿರುವ ಹಳೆಯ ಬಗೆಯದು. ಮೇಲ್ಮುಚ್ಚಳ ತೆಗೆದರೆ ಒಂದು ಚಪ್ಪಟೆ ಕಬ್ಬಿಣದ ಹಲಗೆಯಷ್ಟೇ ಕೈಗೆ ಬರುತ್ತದೆ. ವೇಗಕ್ಕೆ ಹೇಳಿದ್ದಲ್ಲ, ಪೆಟ್ರೋಲು ಕುಡಿಯುವುದರಲ್ಲಿ ಸಂಕೋಚವೂ ಇಲ್ಲ, ಆದರೆ ಹಾಳಾಗುವ ಭಾಗಗಳೇ ಕಡಿಮೆ. ಹಗಲಿರುಳು ಓಡಬೇಕಾದ ಟಾಕ್ಸಿಗೆ ಇದಕ್ಕಿಂತ ಹೇಳಿ ಮಾಡಿಸಿದಂಥ ಇಂಜಿನ್ ಆಗ ಇರಲಿಲ್ಲವೆನ್ನಬೇಕು.

ಟಾಕ್ಸಿಯವರಿಗೆ ಇಷ್ಟವಾದ ಇದೇ ಗುಣಗಳು ಅಮೆರಿಕದಲ್ಲಿ ಹೊರೆಯಾಗತೊಡಗಿದವು. ವಾಲ್ಟರ್ ಕ್ರೈಸ್ಲರ್ 1940ರಲ್ಲಿ ತೀರಿಕೊಂಡರು. ಅದಕ್ಕೆ ಮುಂಚೆಯೇ ಅಧಿಕಾರ ವಹಿಸಿಕೊಂಡಿದ್ದ ಕೆ.ಟಿ. ಕೆಲರ್, ತಲೆಗೆ ಹ್ಯಾಟು ಹಾಕಿಕೊಂಡೇ ಕಾರಿನಲ್ಲಿ ಕೂರಲು ಬರಬೇಕೆಂದು ನಂಬಿದ್ದವರು. ಯುದ್ಧಾನಂತರದ ಗ್ರಾಹಕರು ತಗ್ಗಾದ, ಉದ್ದನೆಯ, ಹೊಳೆಯುವ ಕಾರುಗಳ ಹಿಂದೆ ಹೋಗುತ್ತಿದ್ದಾಗ ಪ್ಲಿಮತ್ ಎತ್ತರದ ಮಾಡಿನ ಮರ್ಯಾದಸ್ಥ ಕಾರಾಗಿಯೇ ಉಳಿಯಿತು. 1954ರಲ್ಲಿ ಬ್ಯೂಕ್ ಮತ್ತು ಓಲ್ಡ್ಸ್‌ಮೊಬೀಲ್‌ಗಳು ಅದನ್ನು ಹಿಂದೆ ಹಾಕಿ ಐದನೆಯ ಸ್ಥಾನಕ್ಕೆ ತಳ್ಳಿದವು. ಇಲ್ಲಿನ ಬಿಸಿಲು, ಪೇಟ, ಟೋಪಿ, ಸೀರೆಯ ಸೆರಗು ಇವಕ್ಕೆಲ್ಲ ಕೆಲರ್ ಸಾಹೇಬರ ಎತ್ತರದ ಮಾಡು ಅದೆಷ್ಟು ಅನುಕೂಲವಾಗಿತ್ತೆಂಬುದು ಡೆಟ್ರಾಯಿಟ್‌ನ ಲೆಕ್ಕಕ್ಕೆ ಬರುವ ಸಂಗತಿಯಾಗಿರಲಿಲ್ಲ.

ಸೋತ ಕಂಪನಿ ಇನ್ನೊಂದು ತುದಿಗೆ ಹಾರಿತು. ವಿನ್ಯಾಸಕಾರ ವರ್ಜಿಲ್ ಎಕ್ಸ್‌ನರ್ ಅವರ ಕೈಯಲ್ಲಿ 1957ರ ಪ್ಲಿಮತ್ ನೆಲಕ್ಕೆ ಒರಗಿದಂತೆ ತಗ್ಗಾಗಿ, ಹಿಂಬದಿಯಲ್ಲಿ ಎತ್ತರದ ರೆಕ್ಕೆಗಳನ್ನು ಹೊತ್ತು ಬಂದಿತು. 1957ರಲ್ಲೇ 1960 ಬಂದುಬಿಟ್ಟಿದೆ ಎಂಬರ್ಥದ ಜಾಹೀರಾತಿನೊಂದಿಗೆ ಬಂದ ಆ ಕಾರು ಪ್ಲಿಮತ್ತನ್ನು ಮತ್ತೆ ಮೂರನೆಯ ಸ್ಥಾನಕ್ಕೆ ತಂದಿತು. ನನ್ನ ಕಣ್ಣಿಗೆ ಅದು ಇಂದಿಗೂ ಆ ದಶಕದ ಅತಿ ಚೆಲುವಾದ ಅಮೆರಿಕನ್ ಕಾರು. ಆದರೆ ಅವಸರದಲ್ಲಿ ಪೇಟೆಗೆ ಬಿಟ್ಟದ್ದರ ಫಲವಾಗಿ ಮಳೆನೀರು ಒಳಗೆ ಸೋರುತ್ತಿತ್ತು, ಮೈ ಬೇಗನೆ ತುಕ್ಕು ಹಿಡಿಯುತ್ತಿತ್ತು, ಮುಂಚಕ್ರಗಳಿಗೆ ಸ್ಪ್ರಿಂಗಿನಂತೆ ಕೆಲಸ ಮಾಡುವ ಟಾರ್ಷನ್ ಬಾರ್ ಎಂಬ ಉಕ್ಕಿನ ಸರಳುಗಳು ಮುರಿಯುತ್ತಿದ್ದವು. ಮೂವತ್ತು ವರ್ಷಗಳಿಂದ ಗಟ್ಟಿತನಕ್ಕೆ ಹೆಸರಾಗಿದ್ದ ಕಾರಿನ ಮೇಲಿನ ನಂಬಿಕೆಗೆ ಬಿದ್ದ ಈ ಪೆಟ್ಟು, 1958ರ ಆರ್ಥಿಕ ಹಿಂಜರಿತದ ಜೊತೆ ಸೇರಿ, ಬಹಳ ದಿನ ನೋಯಿಸಿತು.

ಇಷ್ಟಾದರೂ ಪ್ಲಿಮತ್ ಚೇತರಿಸಿಕೊಳ್ಳಬಹುದಿತ್ತೆಂದೇ ನಾನು ನಂಬುತ್ತೇನೆ. ತುಕ್ಕಿಗಿಂತ ಆಳವಾದ ಗಾಯವನ್ನು ಮಾಡಿದ್ದು 1960ರಲ್ಲಿ ಕಂಪನಿ ತೆಗೆದುಕೊಂಡ ಒಂದು ನಿರ್ಧಾರ. ಪ್ಲಿಮತ್ತನ್ನು ಡಾಡ್ಜ್ ಡೀಲರ್‌ಗಳ ಕೈಯಿಂದ ಹಿಂದಕ್ಕೆ ಪಡೆಯಲಾಗಿತ್ತು. ಮೂರು ದಶಕಗಳಿಂದ ಪ್ಲಿಮತ್ ಮಾರಿ ಜೀವನ ಮಾಡಿದ್ದ ಆ ಡೀಲರ್‌ಗಳ ಸಿಟ್ಟನ್ನು ತಣಿಸಲು, ಪ್ಲಿಮತ್ತಿನ ಬೆಲೆಗೇ ಸಿಗುವ ಡಾಡ್ಜ್ ಡಾರ್ಟ್ ಎಂಬ ಕಾರನ್ನು ಅವರಿಗೆ ಕೊಟ್ಟರು. ಡಾರ್ಟ್ ಭರ್ಜರಿಯಾಗಿ ಮಾರಾಟವಾಯಿತು. ಆದರೆ ಅದನ್ನು ಕೊಂಡವರಲ್ಲಿ ಅನೇಕರು ಫೋರ್ಡ್ ಅಥವಾ ಷೆವ್ರೊಲೆಯಿಂದ ಬಂದವರಲ್ಲ, ಪ್ಲಿಮತ್ ಕೊಳ್ಳಬೇಕಾಗಿದ್ದವರು. ಅಲ್ಲಿಯವರೆಗೆ ಅಗ್ಗದ್ದು ಬೇಕಾದರೆ ಪ್ಲಿಮತ್, ಸ್ವಲ್ಪ ಹೆಚ್ಚು ಕೊಡಬಲ್ಲವರಿಗೆ ಡಾಡ್ಜ್, ಆಮೇಲೆ ಡಿಸೋಟೊ, ಕೊನೆಗೆ ಕ್ರೈಸ್ಲರ್ ಎಂಬ ಮೆಟ್ಟಿಲುಗಳಿದ್ದವು. ಡಾಡ್ಜ್ ಒಂದು ಮೆಟ್ಟಿಲು ಕೆಳಗಿಳಿದು ಪ್ಲಿಮತ್ತಿನ ಪಕ್ಕದಲ್ಲೇ ಕೂತ ದಿನ ಪ್ಲಿಮತ್ ಇರಬೇಕಾದ ಕಾರಣವೇ ಅರ್ಧಕ್ಕೆ ಇಳಿಯಿತು. ನಡುಮೆಟ್ಟಿಲಲ್ಲಿ ಉಸಿರುಗಟ್ಟಿದ ಡಿಸೋಟೊ 1960ರ ನವೆಂಬರಿನಲ್ಲೇ ನಿಂತುಹೋಯಿತು; ಮನೆಯಲ್ಲಿ ಮೊದಲ ಸಾವು ಅದರದು.

ಇದರ ಮೇಲೆ 1962ರ ಎಡವಟ್ಟು. ಷೆವ್ರೊಲೆ ತನ್ನ ಕಾರುಗಳನ್ನು ಚಿಕ್ಕದು ಮಾಡಲಿದೆಯೆಂಬ ಸುದ್ದಿಯನ್ನು ಕ್ರೈಸ್ಲರ್‌ನ ಹಿರಿಯ ಅಧಿಕಾರಿಯೊಬ್ಬರು ಯಾವುದೋ ಔತಣಕೂಟದಲ್ಲಿ ಕೇಳಿಸಿಕೊಂಡು ಬಂದರೆಂದು ಹೇಳುತ್ತಾರೆ. ಅದನ್ನು ನಂಬಿ ಪ್ಲಿಮತ್ ಮತ್ತು ಡಾಡ್ಜ್‌ಗಳನ್ನು ಆತುರಾತುರವಾಗಿ ಕುಗ್ಗಿಸಲಾಯಿತು. ಷೆವ್ರೊಲೆಯ ದೊಡ್ಡ ಕಾರು ದೊಡ್ಡದಾಗಿಯೇ ಉಳಿಯಿತು. ಮಾರಾಟ ಕುಸಿದುಬಿತ್ತು, ಎಕ್ಸ್‌ನರ್ ಹೊರಗೆ ಹೋದರು.

ಪ್ಲಿಮತ್ತಿನ ಹೆಸರು ಕೇಳಿದ ಕೂಡಲೇ ಇಂದಿನ ಯುವಕರಿಗೆ ನೆನಪಾಗುವುದು ಇದರ ನಂತರದ ಹತ್ತು ವರ್ಷ. ಫೋರ್ಡ್ ಮಸ್ಟಾಂಗ್‌ಗಿಂತ ಎರಡು ವಾರ ಮುಂಚೆ, 1964ರ ಏಪ್ರಿಲ್ 1ರಂದು ಬಂದ ಬ್ಯಾರಕೂಡ. ಅದೇ ವರ್ಷ ಡೇಟೋನಾ 500 ಎಂಬ ಕಾರು ಓಟವನ್ನು ಚಾಲಕ ರಿಚರ್ಡ್ ಪೆಟ್ಟಿಯವರಿಗೆ ಗೆದ್ದುಕೊಟ್ಟ ಹೆಮಿ ಎಂಬ ಇಂಜಿನ್. ವಾರ್ನರ್ ಬ್ರದರ್ಸ್‌ಗೆ ದುಡ್ಡು ತೆತ್ತು ವ್ಯಂಗ್ಯಚಿತ್ರದ ಹಕ್ಕಿಯ ಹೆಸರನ್ನೂ ಅದರ ಕೂಗಿನಂಥ ಹಾರ್ನನ್ನೂ ತಂದ 1968ರ ರೋಡ್ ರನ್ನರ್. ಹಿಂಬದಿಯಲ್ಲಿ ಬಲು ಎತ್ತರದ ರೆಕ್ಕೆ ಹೊತ್ತ 1970ರ ಸೂಪರ್‌ಬರ್ಡ್. ಇವುಗಳ ಬಗ್ಗೆ ಬರೆಯುವವರಿಗೆ ಬರವಿಲ್ಲವಾದ್ದರಿಂದ ನಾನು ಮುಂದೆ ಹೋಗುತ್ತೇನೆ. 1970ರ ದಶಕದ ಮೊದಲ ವರ್ಷಗಳಲ್ಲಿ ಕಂಪನಿಯ ಅನ್ನ ಹುಟ್ಟಿಸುತ್ತಿದ್ದದ್ದು ಗುಡುಗುವ ಈ ಕಾರುಗಳಲ್ಲ, ವ್ಯಾಲಿಯಂಟ್ ಮತ್ತು ಅದರ ತಮ್ಮನಾದ ಡಸ್ಟರ್ ಎಂಬ ಸಾಧಾರಣ, ಗಟ್ಟಿಮುಟ್ಟಾದ ಕಾರುಗಳು. ಅವುಗಳಿಂದಾಗಿ ಪ್ಲಿಮತ್ ಕೆಲಕಾಲ ಮೂರನೆಯ ಸ್ಥಾನವನ್ನೂ ಮರಳಿ ಪಡೆಯಿತು. ಮುಂಬಯಿಯ ಟಾಕ್ಸಿ ಚಾಲಕರು ಮೆಚ್ಚಿದ್ದ ಹಳೆಯ ಪ್ಲಿಮತ್ತಿನ ನಿಜವಾದ ವಾರಸುದಾರ ಅದೇ ವ್ಯಾಲಿಯಂಟ್. ಅದರ ಜಾಗಕ್ಕೆ 1976ರಲ್ಲಿ ತಂದ ವೊಲಾರೆ, ಮಡ್‌ಗಾರ್ಡುಗಳು ತುಕ್ಕು ತಿನ್ನುವುದರಲ್ಲೂ ದೋಷ ಸರಿಪಡಿಸಲು ಕಾರುಗಳನ್ನು ವಾಪಸು ಕರೆಸಿಕೊಳ್ಳುವುದರಲ್ಲೂ ಕುಖ್ಯಾತವಾಯಿತು.

1979ರ ಹೊತ್ತಿಗೆ ಕ್ರೈಸ್ಲರ್ ದಿವಾಳಿಯ ಅಂಚಿಗೆ ಬಂದು, 1980ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ 150 ಕೋಟಿ ಡಾಲರುಗಳ ಸಾಲದ ಖಾತರಿಯಿಂದ ಉಸಿರಾಡಿತು. ಆಗಿನ ಮುಖ್ಯಸ್ಥ ಲೀ ಅಯಕೊಕ್ಕ ಕಂಪನಿಯನ್ನು ಬದುಕಿಸಿದ ಬಗೆ ಎಲ್ಲರಿಗೂ ಗೊತ್ತಿರುವ ಕಥೆ. ಅದರಲ್ಲಿ ಪ್ಲಿಮತ್ತಿಗೆ ಏನಾಯಿತೆಂಬುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ದುಡ್ಡಿಲ್ಲದ ಕಂಪನಿಗೆ ಪ್ರತಿ ಹೆಸರಿಗೂ ಪ್ರತ್ಯೇಕ ಕಾರು ರೂಪಿಸುವುದು ಸಾಧ್ಯವಿರಲಿಲ್ಲ. ಪ್ಲಿಮತ್ ರಿಲಯಂಟ್ ಎಂದರೆ ಡಾಡ್ಜ್ ಏರೀಸ್. ಪ್ಲಿಮತ್ ಹೊರೈಜನ್ ಎಂದರೆ ಡಾಡ್ಜ್ ಓಮ್ನಿ. ಇಡೀ ಅಮೆರಿಕದ ಕುಟುಂಬಗಳ ಸವಾರಿಯ ಅಭ್ಯಾಸವನ್ನೇ ಬದಲಿಸಿದ 1984ರ ವೊಯೇಜರ್ ಎಂದರೆ ಡಾಡ್ಜ್ ಕ್ಯಾರವಾನ್. ರಫ್ತಿನ ಅನುಕೂಲಕ್ಕೆಂದು ಕುರ್ಲಾದಂಥ ಕಡೆಗೆ ಕಳಿಸುತ್ತಿದ್ದ ಗ್ರಿಲ್ಲು ಬದಲಾಯಿಸುವ ಪದ್ಧತಿಯೇ ಈಗ ಕಂಪನಿಯ ತವರಿನಲ್ಲಿ ನಿತ್ಯದ ರೂಢಿಯಾಯಿತು. ಆಗ ಮೂಲ ಕಾರು ಪ್ಲಿಮತ್ ಆಗಿತ್ತು, ಅದೇ ಡಾಡ್ಜ್ ವೇಷ ಹಾಕುತ್ತಿತ್ತು ಎಂಬುದಷ್ಟೇ ವ್ಯತ್ಯಾಸ. ಈಗ ಟ್ರಕ್ಕುಗಳ, ವೇಗದ ಕಾರುಗಳ ಹೆಸರೆಲ್ಲ ಡಾಡ್ಜ್ ಪಾಲಿಗೆ ಹೋಗಿ, ಪ್ಲಿಮತ್ ಅದರ ನೆರಳಾಗಿತ್ತು. 1990ರ ದಶಕದ ನಿಯಾನ್ ಎಂಬ ಚಿಕ್ಕ ಕಾರಿಗೆ ಬೇರೆ ಹೆಸರಿಡುವ ಶ್ರಮವನ್ನೂ ತೆಗೆದುಕೊಳ್ಳದೆ ಡಾಡ್ಜ್ ನಿಯಾನ್, ಪ್ಲಿಮತ್ ನಿಯಾನ್ ಎಂದೇ ಮಾರಿದರು.

1998ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ವಿಲೀನವಾದ ಮೇಲೆ ಹೊಸ ಯಜಮಾನರು ಲೆಕ್ಕದ ಪುಸ್ತಕ ತೆರೆದರು. ಪ್ಲಿಮತ್ ಹೆಸರಿನಲ್ಲಿ ಬರಬೇಕಾಗಿದ್ದ ಪಿಟಿ ಕ್ರೂಜರ್ ಕೂಡ ಕ್ರೈಸ್ಲರ್ ಹೆಸರಿಗೆ ಹೋಯಿತು. 1999ರ ನವೆಂಬರಿನಲ್ಲಿ ಮುಚ್ಚುವ ಘೋಷಣೆ ಬಂತು. 2001ರ ಜೂನ್ 28ರಂದು ಇಲಿನಾಯ್ ರಾಜ್ಯದ ಬೆಲ್ವಿಡೇರ್ ಕಾರ್ಖಾನೆಯಿಂದ ಕೊನೆಯ ಪ್ಲಿಮತ್, ಅದೇ ನಿಯಾನ್, ಹೊರಬಿತ್ತು. ಸಂತಾಪ ಸೂಚಿಸಿದವರು ಇದ್ದರು, ಆದರೆ ಕಾರು ಕೊಳ್ಳಲು ಹೊರಟವರಿಗೆ ಕೊರತೆಯೇನೂ ಆಗಲಿಲ್ಲ. ಅದೇ ಕಾರು ಡಾಡ್ಜ್ ಹೆಸರಿನಲ್ಲಿ ಸಿಗುತ್ತಿತ್ತು.

ಇಲ್ಲಿನ ಪ್ಲಿಮತ್ ಅದಕ್ಕೂ ಬಹಳ ಮುಂಚೆಯೇ ಮರೆಯಾಗಿತ್ತು. 1953ರ ಸುಂಕ ಆಯೋಗದ ವರದಿಯ ನಂತರ, ಬಿಡಿಭಾಗ ತರಿಸಿ ಜೋಡಿಸುವವರಿಗೆ ಅವಕಾಶವಿಲ್ಲ, ಇಲ್ಲೇ ಹಂತಹಂತವಾಗಿ ತಯಾರಿಸುವವರಿಗೆ ಮಾತ್ರ ಪರವಾನಗಿ ಎಂಬ ನೀತಿ ಬಂತು. ಮುಂಬಯಿಯ ಶಿವಡಿಯಲ್ಲಿ 1928ರಿಂದ ಕಾರು ಜೋಡಿಸುತ್ತಿದ್ದ ಜನರಲ್ ಮೋಟರ್ಸ್ ಬಾಗಿಲು ಹಾಕಿ ಹೊರಟಿತು, ಫೋರ್ಡ್ ಕೂಡ ಹೊರಟಿತು. ಪ್ರೀಮಿಯರ್ ಉಳಿದುಕೊಂಡಿತಾದರೂ, ಅದು ಆಯ್ದುಕೊಂಡದ್ದು ಇಟಲಿಯ ಫಿಯೆಟ್ಟನ್ನು. ಮೂರು ಲೀಟರಿಗಿಂತ ದೊಡ್ಡ ಇಂಜಿನ್ನಿನ ಕಾರನ್ನು ಪೂರ್ತಿಯಾಗಿ ಇಲ್ಲೇ ತಯಾರಿಸಿ ಮಾರುವಷ್ಟು ಗಿರಾಕಿಗಳು ಆಗಿನ ಭಾರತದಲ್ಲಿರಲಿಲ್ಲ, ವಿದೇಶಿ ವಿನಿಮಯವೂ ಇರಲಿಲ್ಲ. ಆ ಆಯ್ಕೆಯನ್ನು ದೂರುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. ಫಿಯೆಟ್ 1100 ಬರಬರುತ್ತ ಪದ್ಮಿನಿಯಾಗಿ, ಮುಂಬಯಿಯ ಕಪ್ಪು-ಹಳದಿ ಟಾಕ್ಸಿ ಎಂದರೆ ಅದೊಂದೇ ಎನ್ನುವಂತಾಯಿತು. ಕೊನೆಯ ಪದ್ಮಿನಿ ಟಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಟಾಕ್ಸಿಗಳಿಗಿರುವ 20 ವರ್ಷಗಳ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ಅದೂ ರಸ್ತೆಯಿಂದ ಇಳಿಯಿತು. ಆಗ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಪ್ಲಿಮತ್ ಟಾಕ್ಸಿಗಳು ಯಾವಾಗ ಹೋದವೆಂಬುದು ಮಾತ್ರ ಯಾರ ಗಮನಕ್ಕೂ ಬಂದಂತಿಲ್ಲ. ಬಹಳಷ್ಟು ಜನರ ಬಾಯಲ್ಲಿ ಅವು ಇದ್ದಾಗಲೂ ಡಾಡ್ಜ್‌ಗಳೇ ಆಗಿದ್ದವಲ್ಲ.

ಪ್ರೀಮಿಯರ್ ತನ್ನ ಜೀವಮಾನದಲ್ಲಿ ಕಾರಿಗಾಗಿ ಕೈಹಿಡಿದ ದೊಡ್ಡ ವಿದೇಶಿ ಕಂಪನಿಗಳಲ್ಲಿ ಕ್ರೈಸ್ಲರ್, ಫಿಯೆಟ್ ಮತ್ತು 1990ರ ದಶಕದಲ್ಲಿ ಕಲ್ಯಾಣದ ಕಾರ್ಖಾನೆಗೆ ಬಂದ ಪೂಜೊ ಮುಖ್ಯವಾದವು. ಆಶ್ಚರ್ಯವೆಂದರೆ 2021ರಿಂದ ಈ ಮೂರೂ ಸ್ಟೆಲಾಂಟಿಸ್ ಎಂಬ ಒಂದೇ ಕಂಪನಿಯೊಳಗಿವೆ. ಪುಣೆಯ ಹತ್ತಿರದ ರಂಜನಗಾಂವ್‌ನಲ್ಲಿ ಫಿಯೆಟ್ ಮತ್ತು ಟಾಟಾ ಸೇರಿ ನಡೆಸುವ ಕಾರ್ಖಾನೆಯಲ್ಲಿ 2017ರಿಂದ ತಯಾರಾಗುತ್ತಿರುವ, ಇದೇ ಬಳಗದ ಜೀಪ್ ಕಂಪಾಸ್, ಬಳಸುದಾರಿಯಲ್ಲಿ ನೋಡಿದರೆ, ಕುರ್ಲಾದ ಆ ಹಳೆಯ ಕಾರುಗಳ ದಾಯಾದಿ. ಸ್ಟೆಲಾಂಟಿಸ್ ಕೈಯಲ್ಲೀಗ ಒಂದೇ ಕಾರಿನ ತಳಹದಿಯ ಮೇಲೆ ಬೇರೆಬೇರೆ ಹೆಸರಿನ ಕಾರುಗಳನ್ನು ಕಟ್ಟಿ ಮಾರುವ ಹತ್ತಕ್ಕೂ ಹೆಚ್ಚು ಬ್ರಾಂಡುಗಳಿವೆ. ಅವುಗಳಲ್ಲಿ ಯಾವುದು ಮುಂದಿನ ಪ್ಲಿಮತ್ ಎಂದು ಊಹಿಸುವುದು ಕಾರುಪ್ರಿಯರಿಗೆ ಈಗ ಒಂದು ಹವ್ಯಾಸ.

ಅಮೆರಿಕದ ಅಭಿಮಾನಿಗಳು ಬ್ಯಾರಕೂಡವನ್ನಾದರೂ ಪ್ಲಿಮತ್ ಹೆಸರಿನಲ್ಲಿ ಮತ್ತೆ ತನ್ನಿ ಎಂದು ಆಗಾಗ ಕೇಳುತ್ತಿರುತ್ತಾರೆ. ಚೋರ್ ಬಜಾರಿನ ಅಂಗಡಿಯಲ್ಲಿ, ಹಿತ್ತಾಳೆಯ ದೀಪಗಳ ಮತ್ತು ಹಳೆಯ ಗ್ರಾಮೊಫೋನುಗಳ ನಡುವೆ, ಪ್ಲಿಮತ್ತಿನ ಬಾನೆಟ್ಟಿನ ಮೇಲೆ ಕೂರುತ್ತಿದ್ದ ಅಂಗೈಯಗಲದ ಹಡಗು ಕಂಡಾಗ ನನಗೂ ಅದರ ಕ್ರೋಮು ಕಿತ್ತ ಹಾಯಿಪಟಗಳನ್ನು ಬೆರಳಿನಿಂದ ತಡವಬೇಕೆನಿಸಿದ್ದುಂಟು. ಅಂಗಡಿಯವನು ಹೇಳಿದ ಬೆಲೆ ಕೇಳಿ ಅಲ್ಲೇ ಇಟ್ಟು ಬಂದೆ. ಆದರೂ ಹೆಸರನ್ನು ಮರಳಿ ತರಬೇಕೆಂಬ ಬೇಡಿಕೆಗೆ ನನ್ನ ಮತವಿಲ್ಲ. ಪ್ಲಿಮತ್ ಎಂದರೆ ಸಾಧಾರಣ ಸಂಬಳದವನಿಗೆ ಫೋರ್ಡ್‌ಗಿಂತ ಒಂದು ತೂಕ ಹೆಚ್ಚಿನ ಎಂಜಿನಿಯರಿಂಗನ್ನು ಅದೇ ಬೆಲೆಗೆ ಕೊಡುವ ಕಾರು. ಅಮೆರಿಕದ ಕಂಪನಿಗಳು ಅಂಥ ಗ್ರಾಹಕನಿಗೆಂದು ಚಿಕ್ಕ, ಅಗ್ಗದ ಕಾರು ತಯಾರಿಸುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿರುವಾಗ, ಲಕ್ಷಾಂತರ ಡಾಲರಿನ ಯಾವುದೋ ರೇಸಿನ ಕಾರಿಗೆ ಆ ಹೆಸರು ಅಂಟಿಸಿದರೆ ಅದು ಇನ್ನೊಂದು ಗ್ರಿಲ್ಲು ಬದಲಾವಣೆಯಷ್ಟೇ ಆದೀತು.